ಅವನದು ಇಷ್ಟು, ನನ್ನದು ಇಷ್ಟು

ಮಾರ್ಚ್ ೩, ಸೋಮವಾರ

ತಮ್ಮನ ಕೊನೆಯ ಬೆರಳೂ ಇವತ್ತು ಕೈಕೊಟ್ಟಿತು. ಬೆಳಿಗ್ಗೆ ಅವನ ಹೆಂಡತಿ ಫೋನ್ ಮಾಡಿ, "ಅತ್ತಿಗೆ, ಬೆರಳನ್ನ ಕೀ ಮೇಲೆ ಇಟ್ಟುಕೊಟ್ರೂ ಒತ್ತಕ್ಕಾಗ್ತಿಲ್ಲ" ಎಂದಳು. ಅವಳು ಅಳಲಿಲ್ಲ. ನಾನು ಬಸ್ಸಿನಲ್ಲಿ ಕಿಟಕಿ ಕಡೆ ಮುಖ ಮಾಡಿಕೊಂಡು ಇಬ್ಬರ ಪಾಲಿನದನ್ನೂ ಅತ್ತು ಮುಗಿಸಿದೆ.

ಹೋಗಿ ನೋಡಿದರೆ ಗಾಲಿಕುರ್ಚಿಯಲ್ಲಿ, ಹಳೆಯ ಕಂಪ್ಯೂಟರಿನ ಮುಂದೆ ಕೂತಿದ್ದ. ತೋರುಬೆರಳು ಏಳರ ಕೀಯ ಮೇಲೆ ಸುಮ್ಮನೆ ಮಲಗಿತ್ತು. ಇಪ್ಪತ್ತೆರಡು ವರ್ಷ ರೈಲು ನಿಲ್ದಾಣದಲ್ಲಿ ಘೋಷಣೆ ಮಾಡಿದವನು ನನ್ನ ತಮ್ಮ. ಯಾವ ಗಾಡಿ ಯಾವ ಪ್ಲಾಟ್‌ಫಾರಂ ಎಂದು ಅವನು ಹೇಳಿದರೆ ಓಡುತ್ತಿದ್ದವರೂ ನಡೆಯತೊಡಗುತ್ತಿದ್ದರು, ಅಂಥ ಧ್ವನಿ. ನರ ತಿನ್ನುವ ಈ ಕಾಯಿಲೆ ಎಂಟು ವರ್ಷದ ಹಿಂದೆ ಗೊತ್ತಾದಾಗ, ಗಂಟಲು ಹೋಗುವ ಮೊದಲೇ ಮೂರು ತಿಂಗಳು ಕೂತು ಮೂರು ಸಾವಿರ ಚಿಲ್ಲರೆ ಮಾತುಗಳನ್ನು ಈ ಯಂತ್ರಕ್ಕೆ ಹೇಳಿಟ್ಟ. ಒಂದೊಂದು ಮಾತಿಗೂ ಒಂದೊಂದು ನಂಬರು. ನಂಬರು ಒತ್ತಿ ಎಂಟರ್ ಹೊಡೆದರೆ ಅವನದೇ ಧ್ವನಿ ಆ ಮಾತು ಆಡುತ್ತದೆ. ಮೊದಲು ಹತ್ತು ಬೆರಳಲ್ಲಿ ಮಾತಾಡಿದ, ಆಮೇಲೆ ನಾಲ್ಕರಲ್ಲಿ, ಹೋದ ವರ್ಷದಿಂದ ಒಂದರಲ್ಲಿ.

ಇನ್ನು ಅವನ ಮಾತು ಕೇಳುವುದು ಬಲಗೆನ್ನೆ ಒಂದೇ. ರೆಪ್ಪೆಗಳೂ ತಮಗೆ ಬೇಕಾದಾಗ ಬಡಿಯುತ್ತವೆ, ಬೇಡವಾದಾಗ ಇಲ್ಲ. "ಕೆನ್ನೆ ಅಲುಗಿಸಿದ್ರೆ ಹೌದು ಅಂತ ಇಟ್ಕೊಂಡಿದೀವಿ" ಎಂದಳು ಹೆಂಡತಿ. ಹೌದು ಅನ್ನುವುದೊಂದೇ ಮಾತೇನು?

ಮಾರ್ಚ್ ೫, ಬುಧವಾರ

ಆಸ್ಪತ್ರೆಯವರ ಹೊಸ ಮಾತಿನ ಯಂತ್ರವಿದೆ, ಕೆನ್ನೆಯಿಂದಲೇ ನಡೆಸಬಹುದು. ಹೋದ ವರ್ಷ ಅದರ ಧ್ವನಿ ಕೇಳಿಸಿದಾಗ ತಮ್ಮ ಒತ್ತಿದ್ದು ಮೂರು ನಂಬರು: ಬೇರೆಯವರ. ಗಂಟಲು. ಬೇಡ. ಹಾಗಾದರೆ ನಿನ್ನ ಮಾತುಗಳನ್ನೇ ಸ್ಪೀಕರಿನಿಂದ ರೆಕಾರ್ಡ್ ಮಾಡಿ ಹೊಸದಕ್ಕೆ ತುಂಬಿಸೋಣವೇ ಎಂದು ಕೇಳಿದ್ದೆ. ಪ್ರತಿಯ ಪ್ರತಿಯೂ ಬೇಡವಂತೆ. ಧ್ವನಿಯ ವಿಷಯದಲ್ಲಿ ಅವನದು ಕತ್ತೆಯ ಹಟ.

ಹಳೆಯ ಯಂತ್ರದಿಂದ ಏನನ್ನೂ ಎತ್ತುವ ಹಾಗಿಲ್ಲ. ಪ್ರೋಗ್ರಾಮ್ ಬರೆದ ಗೆಳೆಯ ತೀರಿಕೊಂಡ, ಗಂಟು ಬಿಚ್ಚುವ ಬಗೆ ಅವನೊಂದಿಗೇ ಹೋಯಿತು. ಡಿಸ್ಕು ಕೊರಗುಟ್ಟುತ್ತಿದೆ. ರಿಪೇರಿಯವನು ಕಿವಿಯಿಟ್ಟು ಕೇಳಿ, "ಆಫ್ ಮಾತ್ರ ಮಾಡ್ಬೇಡಿ, ಮತ್ತೆ ಏಳಲ್ಲ" ಎಂದು ಹೇಳಿ ಎರಡು ವರ್ಷವಾಯಿತು. ಅಂದಿನಿಂದ ಅದು ಉರಿಯುತ್ತಲೇ ಇದೆ.

ಆದರೆ ಒಳಗೆ ಹೋಗಲು ಒಂದು ಬಾಗಿಲಿದೆ: ಕೀಬೋರ್ಡು ಚುಚ್ಚುವ ದುಂಡನೆಯ ತೂತು. ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ತಂತಿ ಜೋಡಿಸಿದವಳು ನಾನು, ಇಷ್ಟೂ ತಿಳಿಯದಿದ್ದರೆ ಹೇಗೆ. ಕೆನ್ನೆಯ ಪಕ್ಕಕ್ಕೊಂದು ಗುಂಡಿ. ನನ್ನ ಹೊಸ ಕಂಪ್ಯೂಟರಿನ ಪರದೆಯ ಮೇಲೆ ಮಾತುಗಳ ಸಾಲು, ಒಂದೊಂದಾಗಿ ಬೆಳಗುತ್ತ ಹೋಗುತ್ತದೆ. ಬೇಕಾದ ಸಾಲು ಬಂದಾಗ ಕೆನ್ನೆ ಒತ್ತಬೇಕು. ಆ ಸಾಲಿನ ಮಾತುಗಳು ಬೆಳಗುತ್ತವೆ, ಬೇಕಾದ ಮಾತು ಬಂದಾಗ ಮತ್ತೆ ಒತ್ತಬೇಕು. ಹೊಸದು ಅದರ ನಂಬರನ್ನು ಒಂದು ಚಿಕ್ಕ ಬೋರ್ಡಿಗೆ ಹೇಳುತ್ತದೆ. ಬೋರ್ಡು ತಾನೇ ಕೀಬೋರ್ಡು ಎಂದು ನಟಿಸಿ ಹಳೆಯದಕ್ಕೆ ಹೇಳುತ್ತದೆ. ಬೆರಳು ಒತ್ತಿತೋ, ಕೆನ್ನೆ ಒತ್ತಿತೋ, ಇನ್ಯಾರು ಒತ್ತಿದರೋ, ಹಳೆಯದಕ್ಕೆ ಎಲ್ಲ ಒಂದೇ.

ಮಾರ್ಚ್ ೮, ಶನಿವಾರ

ಯಂತ್ರ ಉರಿಯುವಾಗ ಆ ತೂತಿನಿಂದ ಕೀಬೋರ್ಡು ಕಿತ್ತು ಬೇರೆಯದು ಚುಚ್ಚಿದರೆ ತೂತೇ ಸುಟ್ಟುಹೋಗಬಹುದು. ಆರಿಸಿ ಚುಚ್ಚೋಣವೆಂದರೆ ಡಿಸ್ಕು ಏಳುವುದಿಲ್ಲ. ಅತ್ತ ದರಿ, ಇತ್ತ ಪುಲಿ. ಹಾಗಾಗಿ ಎಕ್ಸ್‌ಚೇಂಜಿನಲ್ಲಿ ಮಾಡುತ್ತಿದ್ದ ಹಾಗೇ ಮಾಡಿದೆ. ಪಿನ್ನು ಕೀಳಲಿಲ್ಲ, ಕೀಬೋರ್ಡಿನ ಬಾಲವನ್ನೇ ನಡುವೆ ಸುಲಿದೆ. ಒಳಗೆ ನಾಲ್ಕು ತಂತಿ. ಕರೆಂಟಿನ ತಂತಿ ಅರ್ಥಿಂಗ್ ತಂತಿಗೆ ಒಂದು ಕ್ಷಣ ತಾಗಿದರೂ ಕಥೆ ಮುಗಿಯಿತು. ಬ್ಲೇಡಿಗೆ ಟೇಪು ಸುತ್ತಿ, ಉಸಿರು ಹಿಡಿದು, ಸುದ್ದಿ ಒಯ್ಯುವ ಎರಡು ತಂತಿಗಳನ್ನು ಕತ್ತರಿಸಿ ನನ್ನ ಬೋರ್ಡಿಗೆ ಬೆಸೆದೆ. ತಮ್ಮ ಇಡೀ ಹೊತ್ತು ನೋಡುತ್ತಿದ್ದ.

ಬೋರ್ಡಿನಿಂದ "ನೀರು" ಎಂಬುದರ ನಂಬರು ಕಳಿಸಿದೆ. ಎಂಟು ವರ್ಷದ ಹಿಂದಿನ ಬೆಚ್ಚನೆಯ ಧ್ವನಿ ಬಂತು, "ನೀರು." ಮತ್ತೆ "ನೀರು." ಮತ್ತೆ, ಮತ್ತೆ. ನಿಲ್ಲಲೇ ಇಲ್ಲ. ಕೀಬೋರ್ಡಿನ ಲೋಕದಲ್ಲಿ ಕೀ ಒತ್ತಿದ ಸುದ್ದಿ ಬೇರೆ, ಬಿಟ್ಟ ಸುದ್ದಿ ಬೇರೆ. ಬಿಟ್ಟ ಸುದ್ದಿ ಬರುವವರೆಗೂ ಒತ್ತಿದ್ದನ್ನೇ ಕಳಿಸುತ್ತಿರಬೇಕು. ನಾನು ಒತ್ತುವುದನ್ನು ಬರೆದಿದ್ದೆ, ಬಿಡುವುದನ್ನು ಬರೆಯಲು ಮರೆತಿದ್ದೆ. ಹೆಂಡತಿ ಅಡುಗೆಮನೆಯಿಂದ ಲೋಟ ಹಿಡಿದು ಓಡಿಬಂದು, "ಬಂದೆ ರೀ, ಬಂದೆ, ಎಷ್ಟು ಸಲ ಕೇಳ್ತೀರಾ" ಎಂದಳು. ತಮ್ಮನ ಕೆನ್ನೆ ಕುಣಿಯುತ್ತಿತ್ತು. ನಕ್ಕಿದ್ದು ಅದು. ಮೂವರೂ ನಕ್ಕೆವು. ನಿಲ್ಲಿಸುವಷ್ಟರಲ್ಲಿ ನಲವತ್ತು ಸಲ ನೀರು ಕೇಳಿದ್ದ.

ಮಾರ್ಚ್ ೧೪, ಶುಕ್ರವಾರ

ನಡೆಯುತ್ತಿದೆ. ಮಾತುಗಳ ಪಟ್ಟಿಯನ್ನು ಅವನ ನೋಟ್‌ಬುಕ್ಕಿನಿಂದ ಹೊಸದಕ್ಕೆ ತುಂಬಿದೆ. ಕೊನೆಯ ಪುಟದ ಹತ್ತು-ಹದಿನೈದನ್ನು ಬಿಟ್ಟೆ, ಅವಕ್ಕೆ ನಂಬರು ಮಾತ್ರ ಇತ್ತು, ಮಾತು ಬರೆದಿರಲಿಲ್ಲ. ಏನೋ ತಮಾಷೆ ಇರಬೇಕು. ಬೇಕಾದರೆ ಅಂಕಿಗಳ ಸಾಲು ಇದೆ, ಒಂದೊಂದೇ ಅಂಕಿ ಆರಿಸಿಕೊಳ್ಳಲಿ.

ಹಳೆಯ ಚಾಳಿಯಂತೆ ಬೋರ್ಡಿಗೆ ಎಣಿಕೆಯ ಚಿಕ್ಕ ಪರದೆ ಹಾಕಿದ್ದೇನೆ. ಎಕ್ಸ್‌ಚೇಂಜಿನಲ್ಲಿ ಪ್ರತಿ ಲೈನಿಗೂ ಎಣಿಕೆ ಇರುತ್ತಿತ್ತು. ಎಡಗಡೆ ಅವನ ಕೆನ್ನೆಯಿಂದ ಬಂದ ಮಾತು, ಬಲಗಡೆ ನನ್ನ ಕೀಬೋರ್ಡಿನಿಂದ ಹೋದದ್ದು. ಸರಿಪಡಿಸಲು ನನ್ನದೂ ಒಂದು ಬೇಕಲ್ಲ. ದಿನಾ ಬೆಳಿಗ್ಗೆ ಸೊನ್ನೆಯಿಂದ ಶುರು.

ಇವತ್ತು ಅವನದು ೨೧೨, ನನ್ನದು ೯.

ಮಾರ್ಚ್ ೨೨, ಶನಿವಾರ

ಒಂದು ಮಾತಿಗೆ ಅರ್ಧ ನಿಮಿಷ, ಕೆಲವಕ್ಕೆ ಎರಡು. ನೋಡುವವರಿಗೆ ಜೀವ ಹೋಗುತ್ತದೆ. "ಕಿಟಕಿ" ಎಂದ ಮೇಲೆ "ತೆಗಿ" ಅಲ್ಲದೆ ಇನ್ನೇನು ಬಂದೀತು? ನಾನೇ ಒತ್ತಿಬಿಟ್ಟೆ. ಅವನ ಕೆನ್ನೆಗೂ ಸ್ವಲ್ಪ ಆರಾಮ.

ಅವನದು ೧೮೦, ನನ್ನದು ೪೪.

ಮಾರ್ಚ್ ೩೧, ಸೋಮವಾರ

ಅವನ ಹಳೆಯ ಗೆಳೆಯ, ರೈಲಿನ ಗಾರ್ಡು, ನೋಡಲು ಬಂದಿದ್ದ. ಬಂದವನು ಕುರ್ಚಿಯ ತುದಿಯಲ್ಲಿ ಕೂತು, "ಹೇಗಿದ್ದೀಯಾ ಗುರುವೇ" ಎಂದ. ಪರದೆಯ ಮೇಲೆ ಸಾಲುಗಳು ಬೆಳಗುತ್ತ ಹೋದವು. ಗಾರ್ಡು ಗೋಡೆ ನೋಡಿದ, ತನ್ನ ಬೂಟು ನೋಡಿದ. ಆ ಮೌನ ನನಗೆ ತಡೆಯಲಾಗಲಿಲ್ಲ. "ಚೆನ್ನಾಗಿದೀನಿ. ನೀನು ಬಂದಿದ್ದು ಸಂತೋಷ" ಎಂದು ಒತ್ತಿದೆ. ಗಾರ್ಡಿನ ಕಣ್ಣಲ್ಲಿ ನೀರು ಬಂತು. "ಅದೇ ವಾಯ್ಸು ಕಣಕ್ಕ, ಒಂದಿಷ್ಟೂ ಬದಲಾಗಿಲ್ಲ" ಎಂದು ನನ್ನ ಕೈ ಹಿಡಿದುಕೊಂಡ. ಆಮೇಲೆ ಒಂದು ಗಂಟೆ ಇಬ್ಬರಿಗೂ ಮಾತೋ ಮಾತು.

ಚಿಕ್ಕಂದಿನಿಂದ ನನಗಿದು ಹೊಸದಲ್ಲ. ತಮ್ಮ ತೊದಲುತ್ತಿದ್ದ. ಮೇಷ್ಟ್ರು ಕೇಳಿದರೆ, ಅಂಗಡಿಯವರು ಕೇಳಿದರೆ, ಅವನ ತುಟಿ ಅದುರುವುದರೊಳಗೆ ನಾನು ಉತ್ತರ ಹೇಳಿಬಿಡುತ್ತಿದ್ದೆ. ಅವನಿಗೆ ಏನು ಬೇಕೆಂದು ಅವನಿಗಿಂತ ಮೊದಲು ನನಗೆ ಗೊತ್ತಾಗುತ್ತಿತ್ತು. ಆಮೇಲೆ ಅವನೇ ರೈಲಿನ ವೇಳಾಪಟ್ಟಿಯನ್ನು ಗಟ್ಟಿಯಾಗಿ ಓದಿ ಓದಿ ತೊದಲು ಬಿಡಿಸಿಕೊಂಡ.

ಅವನದು ೯೭, ನನ್ನದು ೧೩೦.

ಏಪ್ರಿಲ್ ೬, ಭಾನುವಾರ

ಹೆಂಡತಿ ಸೂಪು ಕುಡಿಸಿದಳು. ಚಮಚದಿಂದ ಮುಕ್ಕಾಲು ಗಂಟೆ, ಕೆಮ್ಮು ಬರದ ಹಾಗೆ. ಪಾಪ, ಯಾರು ಅವಳಿಗೊಂದು ಒಳ್ಳೆಯ ಮಾತು ಹೇಳುತ್ತಾರೆ? "ತುಂಬಾ ರುಚಿ. ಥ್ಯಾಂಕ್ಸ್" ಎಂದು ಒತ್ತಿದೆ. ಅವಳು ಚಮಚ ಹಿಡಿದಂತೆಯೇ ನಿಂತಳು. "ಇಪ್ಪತ್ತಾರು ವರ್ಷದಲ್ಲಿ ಒಂದು ಸಲಾನೂ ಥ್ಯಾಂಕ್ಸ್ ಅಂದಿರಲಿಲ್ಲ ಇವ್ರು" ಎಂದಳು. ಸಂತೋಷದಿಂದ ಹೇಳಿದಳೆಂದೇ ತೋರುತ್ತದೆ. ತಮ್ಮ ಕಿಟಕಿಯ ಕಡೆ ನೋಡುತ್ತಿದ್ದ.

ಅವನದು ೬೦, ನನ್ನದು ೧೫೫. ಅವನು ದಣಿಯುತ್ತಿದ್ದಾನೆ. ಕಾಯಿಲೆ ಏರುತ್ತಿದೆ ಅನ್ನುವುದಕ್ಕೆ ಇನ್ನೇನು ಸಾಕ್ಷಿ ಬೇಕು.

ಏಪ್ರಿಲ್ ೯, ಬುಧವಾರ

ಉಸಿರಿನ ಅಳತೆ ತೆಗೆದರು. ಹೋದ ಸಲದ ಅರ್ಧ. ಇವತ್ತು ಬರೆಯುವುದಕ್ಕೆ ಏನೂ ಇಲ್ಲ.

ಏಪ್ರಿಲ್ ೧೭, ಗುರುವಾರ

ಡಾಕ್ಟರಮ್ಮ ಮನೆಗೇ ಬಂದಿದ್ದರು. ಬಾಗಿಲು ಹಾಕಿಕೊಂಡು, ಕುರ್ಚಿ ಎಳೆದು ತಮ್ಮನ ಎದುರೇ ಕೂತು ನೇರವಾಗಿ ಹೇಳಿದರು. "ಇನ್ನು ಕೆಲವು ವಾರದಲ್ಲಿ ಉಸಿರಾಟ ನಿಂತುಹೋಗುತ್ತೆ. ಗಂಟಲಲ್ಲಿ ರಂಧ್ರ ಮಾಡಿ ಕೊಳವೆ ಹಾಕಿದ್ರೆ ಮಿಷನ್ನು ಉಸಿರಾಡುತ್ತೆ, ವರ್ಷಗಟ್ಟಲೆ ಬದುಕಬಹುದು. ಬೇಡ ಅಂದ್ರೆ ಸಂಕಟ ಆಗದ ಹಾಗೆ ಔಷಧ ಕೊಡ್ತೀವಿ. ಕೊಳವೆ ಬೇಕಾ, ಬೇಡವಾ?" ಆಮೇಲೆ ನಮ್ಮ ಕಡೆ ತಿರುಗಿ, "ಕೆನ್ನೆ ಅಲುಗಿಸಿದ್ದನ್ನ ನಾವು ಬರ್ಕೊಳ್ಳಲ್ಲ. ಅವರ ಮಾತಲ್ಲೇ ಬೇಕು" ಎಂದರು. ಅವರಲ್ಲಿ ಅದು ನಿಯಮ. ಹಿಂದೆ ಯಾರದೋ ಸನ್ನೆಯನ್ನು ತಪ್ಪಾಗಿ ಓದಿದ್ದರಂತೆ.

ಸಾಲುಗಳು ಬೆಳಗತೊಡಗಿದವು. ಮೊದಲ ಸುತ್ತು ಹೋಯಿತು. ಎರಡನೆಯ ಸುತ್ತು ಹೋಯಿತು. ತಮ್ಮ ಒತ್ತಲಿಲ್ಲ. ಡಾಕ್ಟರಮ್ಮ ಒಮ್ಮೆ ಗಡಿಯಾರ ನೋಡಿದರು. ಹೆಂಡತಿ ಸೆರಗನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. ಅವನಿಗೆ ಹೇಳಲು ಕಷ್ಟವಾಗುತ್ತಿದೆ ಎಂದು ನನಗೆ ಗೊತ್ತಾಯಿತು. ಬದುಕು ಬೇಕು ಎಂದು ಕೇಳುವುದಕ್ಕೂ ಕೆಲವರಿಗೆ ಸಂಕೋಚ, ಇನ್ನೊಬ್ಬರಿಗೆ ಹೊರೆಯಾಗುತ್ತೇನೆ ಎಂದು.

"ಬೇಕು" ಎಂದಿತು ಅವನ ಧ್ವನಿ. ಎಷ್ಟು ಸ್ಪಷ್ಟ, ಎಷ್ಟು ಧೈರ್ಯ. ಡಾಕ್ಟರಮ್ಮ ಬರೆದುಕೊಂಡರು. ಹೆಂಡತಿ ಎಷ್ಟೋ ತಿಂಗಳ ಮೇಲೆ ಮೊದಲ ಸಲ ಬಿಕ್ಕಿ ಬಿಕ್ಕಿ ಅತ್ತಳು. ತಮ್ಮ ಕಣ್ಣು ಮುಚ್ಚಿದ. ಸಮಾಧಾನವಾಗಿರಬೇಕು.

ಅವನದು ೧೪, ನನ್ನದು ೨೧೧.

ಏಪ್ರಿಲ್ ೨೫, ಶುಕ್ರವಾರ

ಗುಂಡಿ ಕೆಟ್ಟಿದೆ. ಎಂಟು ದಿನದಿಂದ ಅವನ ಕಡೆಯಿಂದ ಒಂದು ಮಾತೂ ಬಂದಿಲ್ಲ. ಗುಂಡಿ ಬದಲಿಸಿದೆ. ತಂತಿ ಬದಲಿಸಿದೆ. ಬೋರ್ಡಿನ ಬೆಸುಗೆಯನ್ನೆಲ್ಲ ಭೂತಗನ್ನಡಿ ಹಿಡಿದು ನೋಡಿದೆ. ನನ್ನ ಬೆರಳಿನಿಂದ ಗುಂಡಿ ಒತ್ತಿ ಮಾತು ಆರಿಸಿದರೆ ಎಡಗಡೆಯ ಅಂಕಿ ಏರುತ್ತದೆ, ನೋಡಿ ಮತ್ತೆ ಸೊನ್ನೆಗೆ ತಂದಿಟ್ಟೆ. ಅವನ ಕೆನ್ನೆಗೆ ತಾಗಿಸಿಟ್ಟರೆ ಇಲ್ಲ.

ಅವನದು ೦, ನನ್ನದು ೧೯೮.

ಮೇ ೨, ಶುಕ್ರವಾರ

ಇವತ್ತೂ ೦. ಕೆನ್ನೆಯೂ ಹೋಯಿತೆಂದು ಕಾಣುತ್ತದೆ. ಹಾಗಾದರೆ ಒಳಗೆ ಅವನಿದ್ದಾನೆ, ಹೊರಗೆ ಬರಲು ಒಂದು ಕಿಂಡಿಯೂ ಇಲ್ಲ. ಅವನ ಧ್ವನಿ ಮನೆಯಲ್ಲಿ ಕೇಳುತ್ತಿರಲಿ ಎಂದು ನಾನಾದರೂ ಆಗಾಗ ಒತ್ತುತ್ತಿದ್ದೇನೆ. ಬಿಸಿಲು. ಸೆಖೆ. ಒಳ್ಳೇದು. ನಿದ್ದೆ. ಹೆಂಡತಿ ಈಚೆಗೆ ಆ ಧ್ವನಿಗೆ ಉತ್ತರ ಕೊಡುವುದಿಲ್ಲ.

ಮೇ ೫, ಸೋಮವಾರ

ಅವನ ಹೆಂಡತಿ ಬೋರ್ಡಿನ ಧೂಳು ಒರೆಸುತ್ತ, "ಇದೇನು ಅತ್ತಿಗೆ, ಎರಡು ನಂಬರು?" ಎಂದಳು. ಹೇಳಿದೆ. ಎಡಗಡೆ ಅವನದು, ಬಲಗಡೆ ನನ್ನದು. ಅವಳು ಬಟ್ಟೆಯನ್ನು ಮಡಿಸಿ ಇಟ್ಟಳು.

"ಡಾಕ್ಟರು ಬಂದ ದಿನ ಎಷ್ಟಿತ್ತು?"

ಆ ದಿನದ ಲೆಕ್ಕ ಈ ಪುಸ್ತಕದಲ್ಲಿದೆ, ನನಗೆ ಬಾಯಿಪಾಠವೂ ಇದೆ. ನಾನು ಬೋರ್ಡಿನ ತಂತಿ ಸರಿಮಾಡತೊಡಗಿದೆ.

ಅವಳು ಹೋಗಿ ಗಂಡನ ಮುಂದೆ ಮೊಣಕಾಲೂರಿ ಕೂತಳು. "ರೀ, ಬೇಕು ಅಂದಿದ್ದು ನೀವೇನಾ?" ಕೆನ್ನೆ ಅಲುಗಲಿಲ್ಲ. "ನೀವಲ್ವಾ?" ಕೆನ್ನೆ ಅಲುಗಿತು. ಹದಿನೆಂಟು ದಿನ ಸತ್ತಂತಿದ್ದ ಕೆನ್ನೆ ಚೆನ್ನಾಗಿಯೇ ಅಲುಗಿತು.

"ನಿಮ್ಮ ಕೀಬೋರ್ಡ್ ತೆಗೀರಿ ಅತ್ತಿಗೆ" ಎಂದಳು ನನ್ನ ಕಡೆ ತಿರುಗದೆ.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ನಾನಿಲ್ಲದಿದ್ದರೆ ಇವತ್ತು ಅವನಿಗೆ ಧ್ವನಿ ಎಲ್ಲಿತ್ತು? ಉಪಕಾರ ಮಾಡಿದವರಿಗೆ ಉಗುಳಿನ ಮಜ್ಜನ. ಕೀಬೋರ್ಡು ಕಿತ್ತು ಚೀಲಕ್ಕೆ ಹಾಕಿಕೊಂಡು ಬಂದುಬಿಟ್ಟೆ. ಇಡೀ ಸಂಜೆ ಮನಸ್ಸಿನಲ್ಲೇ ಅವಳಿಗೆ ಉತ್ತರ ಕೊಟ್ಟೆ. ಒಂದು ಉತ್ತರವೂ ನಿಲ್ಲುವ ಹಾಗಿರಲಿಲ್ಲ.

ಮೇ ೬, ಮಂಗಳವಾರ

ಹೋಗಬಾರದೆಂದುಕೊಂಡೇ ಹೋದೆ. ಅವಳು ಬಾಗಿಲು ತೆಗೆದು ಪಕ್ಕಕ್ಕೆ ಸರಿದಳು.

ನಾನು ಅವನ ಎದುರು ಕುರ್ಚಿಯಲ್ಲಿ ಕೂತೆ. ಕೈಗಳನ್ನು ಎಲ್ಲಿಡಬೇಕೋ ತಿಳಿಯಲಿಲ್ಲ, ತೊಡೆಯ ಕೆಳಗೆ ಹಾಕಿಕೊಂಡೆ. ಸಾಲುಗಳು ಬೆಳಗುತ್ತ ಹೋದವು. ಅಂಕಿಗಳ ಸಾಲು ಬಂದಾಗ ಅವನು ಒತ್ತಿದ. ಮೂರು. ಮತ್ತೆ ಸುತ್ತು ತಿರುಗಿ ಬಂತು. ಸೊನ್ನೆ. ಕೆನ್ನೆ ತಾನಾಗಿ ನಡುಗುತ್ತಿದೆ, ಅಂಕಿಗಳು ತಪ್ಪಾಗಿ ಬೀಳುತ್ತಿವೆ ಎಂದುಕೊಂಡೆ, ಅಳಿಸಲು ನನ್ನ ಕೈ ಏಳುವುದರಲ್ಲಿತ್ತು. ಅವನ ಹೆಂಡತಿ ನನ್ನ ಭುಜದ ಮೇಲೆ ಕೈಯಿಟ್ಟಳು. ಮೆತ್ತಗೆ ಇಟ್ಟಳು, ಆದರೆ ಎತ್ತಲಿಲ್ಲ. ಒಂದು. ಬೆವರು ಅವನ ಹಣೆಯಿಂದ ಇಳಿದು ರೆಪ್ಪೆಯ ಮೇಲೆ ನಿಂತಿತ್ತು. ಮತ್ತೆ ಒಂದು. ಎಂಟರ್.

೩೦೧೧. ಕೊನೆಯ ಪುಟದ್ದು. ನಾನು ತುಂಬದೆ ಬಿಟ್ಟದ್ದು.

"ಅಕ್ಕಾ, ನಾನೇ ಹೇಳ್ತೀನಿ."

ಪ್ಲಾಟ್‌ಫಾರಮ್ಮಿನ ಧ್ವನಿಯಲ್ಲ ಅದು. ಮನೆಯ ಧ್ವನಿ, ಸ್ವಲ್ಪ ನಗುತ್ತ ಹೇಳಿದ್ದು. ಅವನಿಗೆ ಹನ್ನೊಂದು ವರ್ಷವಿದ್ದಾಗ ಶಾಲೆಯ ಮೆಟ್ಟಿಲ ಮೇಲೆ ಇದೇ ಮಾತನ್ನು ಹೇಳಿದ್ದ, ತೊದಲುತ್ತ, ಮುಖ ಕೆಂಪು ಮಾಡಿಕೊಂಡು. ನಾನು ಎರಡು ದಿನ ಅವನೊಂದಿಗೆ ಮಾತು ಬಿಟ್ಟಿದ್ದೆ.

ಎಂಟು ವರ್ಷದ ಹಿಂದೆ, ಗಂಟಲು ಇನ್ನೂ ಗಟ್ಟಿಯಾಗಿದ್ದಾಗ, ನೀರು ಬೇಕು ನಿದ್ದೆ ಬಂತು ಎಂದೆಲ್ಲ ಹೇಳಿಡುವಾಗ ಇದನ್ನೂ ಹೇಳಿಟ್ಟಿದ್ದಾನೆ. ಒಂದು ದಿನ ಬೇಕಾಗುತ್ತದೆ ಎಂದು ಅವನಿಗೆ ಆಗಲೇ ಗೊತ್ತಿತ್ತು. ಆ ನಂಬರನ್ನು ಇಷ್ಟು ವರ್ಷ ನೆನಪಿಟ್ಟುಕೊಂಡಿದ್ದ. ಕಾಯಿಲೆಗೆ ಹೆದರಿ ಮೂರು ಸಾವಿರ ಮಾತು ತೆಗೆದಿಟ್ಟವನು, ನನಗೆ ಹೆದರಿ ಒಂದು ತೆಗೆದಿಟ್ಟಿದ್ದ.

ಅವನದು ೧. ನನ್ನದು ಇಲ್ಲ.

ಮೇ ೮, ಗುರುವಾರ

ಡಾಕ್ಟರಮ್ಮನನ್ನು ನಾನೇ ಕರೆಸಿದೆ. "ಅವತ್ತು ಬೇಕು ಅಂತ ಒತ್ತಿದ್ದು ನಾನು, ಅವನಲ್ಲ" ಎಂದೆ. ಅವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಹಳೆಯ ಕಾಗದಕ್ಕೆ ಅಡ್ಡಗೆರೆ ಎಳೆದು, ಕೈಗಡಿಯಾರ ಬಿಚ್ಚಿ ಚೀಲದೊಳಗೆ ಹಾಕಿ ಕೂತರು.

ನಲವತ್ತೊಂದು ನಿಮಿಷ. ನನ್ನ ಬದುಕಿನಲ್ಲಿ ಅಷ್ಟು ಹೊತ್ತು ಬಾಯಿಮುಚ್ಚಿ ಕೂತ ನೆನಪಿಲ್ಲ. ಒಮ್ಮೆ "ಬೇಕು" ಬೆಳಗಿದಾಗ ಅವನ ಕೆನ್ನೆ ಸ್ವಲ್ಪ ಅದುರಿದ ಹಾಗಾಯಿತು. ಒತ್ತೋ, ಒತ್ತೋ ಎಂದು ಒಳಗೇ ಬೇಡಿಕೊಂಡೆ. ಬೆಳಕು ದಾಟಿ ಹೋಯಿತು.

"ಕೊಳವೆ." ಎಷ್ಟೋ ಹೊತ್ತಿನ ಮೇಲೆ, "ಬೇಡ." ಮುಗಿಯಿತೆಂದು ಡಾಕ್ಟರಮ್ಮ ಪೆನ್ನು ತೆಗೆದರು. ಅವನು ಇನ್ನೂ ಸಾಲು ನೋಡುತ್ತಿದ್ದ. "ಸೂಪು." ನಾವೆಲ್ಲ ಕಾದೆವು. "ಉಪ್ಪು." ಮತ್ತೆ ಕಾದೆವು. "ಜಾಸ್ತಿ."

ಅವನ ಹೆಂಡತಿ ಅಳುತ್ತ ನಕ್ಕಳು. "ಒಂದು ತಿಂಗಳಿಂದ ರುಚಿ ರುಚಿ ಅಂತಿದ್ರಲ್ಲ" ಎಂದು ನನ್ನ ಕಡೆ ನೋಡಿದಳು. ನನಗೆ ನಗು ಬರಲಿಲ್ಲ.

ಅವನದು ೫. ನನ್ನದು ೦.

ಮೇ ೧೯, ಸೋಮವಾರ

ಬೆಳಿಗ್ಗೆ ಹತ್ತಕ್ಕೆ ಹೋದ. ಸಂಕಟವಾಗಲಿಲ್ಲ ಎನ್ನುತ್ತಾರೆ. ನಾನು ಕಾಲ ಬಳಿ ಇದ್ದೆ.

ಮೇ ೨೧, ಬುಧವಾರ

ಅವನ ಹೆಂಡತಿ ಕೆಲವು ಕಾಗದಗಳಿಗೆ ಸಹಿ ಹಾಕಲು ಆಸ್ಪತ್ರೆಗೆ ಹೋಗಿದ್ದಳು. ಮನೆಯಲ್ಲಿ ನಾನೊಬ್ಬಳೇ. ಗಾಲಿಕುರ್ಚಿಯನ್ನು ಮಡಿಸಿ ಗೋಡೆಗೆ ಒರಗಿಸಿದ್ದರು. ಹಳೆಯ ಕಂಪ್ಯೂಟರು ಉರಿಯುತ್ತಲೇ ಇತ್ತು, ಡಿಸ್ಕು ಕೊರಗುಟ್ಟುತ್ತಲೇ ಇತ್ತು. ಆರಿಸುವ ಧೈರ್ಯ ಅವಳಿಗೂ ಇಲ್ಲ, ನನಗೂ ಇಲ್ಲ. ಬೋರ್ಡಿನ ಪರದೆಯ ಮೇಲೆ ಎರಡು ಸೊನ್ನೆ.

ನನ್ನ ಕೀಬೋರ್ಡು ಚೀಲದಲ್ಲೇ ಇತ್ತು. ತೆಗೆದು ಚುಚ್ಚಿದೆ. ಯಾಕೆ ಎಂದು ಇಲ್ಲಿ ಸುಳ್ಳು ಬರೆಯುವುದಿಲ್ಲ. "ಅಕ್ಕ" ಎಂಬುದರ ನಂಬರು ಹದಿನೇಳು. ಕುಟುಂಬದ ಸಾಲಿನಲ್ಲಿ ಮೊದಲನೆಯದು. ಒಂದು, ಏಳು, ಎಂಟರ್. ಅಷ್ಟೇ. ಅವನು ನನ್ನನ್ನು ಕರೆಯುತ್ತಾನೆ, ಎಷ್ಟು ಸಲ ಒತ್ತಿದರೆ ಅಷ್ಟು ಸಲ ಕರೆಯುತ್ತಾನೆ. ಕೇಳುವವರು ಯಾರೂ ಇಲ್ಲ, ತಡೆಯುವವರೂ ಇಲ್ಲ. ಹಳೆಯದಕ್ಕೆ ಯಾರು ಒತ್ತಿದರೂ ಒಂದೇ.

ಬೆರಳನ್ನು ಒಂದರ ಕೀಯ ಮೇಲೆ ಇಟ್ಟುಕೊಂಡು ಬಾಗಿಲ ಸದ್ದಾಗುವವರೆಗೂ ಕೂತಿದ್ದೆ.

ಅವನದು ೦. ನನ್ನದು ೦.